ಇಎಲ್ (ಇಂಗ್ಲಿಷ್ ಕಲಿಯುವವರ) ಪಟ್ಟಿಯಿಂದ ಹೊರಬಂದ ಮೇಲೂ ನಿಗಾ ಇರುತ್ತೆ ಅಂತಾರಲ್ಲ, ನಿಜಕ್ಕೂ ಯಾರು ನೋಡ್ತಾರೆ?

ಎರಡು ಮಕ್ಕಳ ತಾಯಿ · ಸನ್ನಿವೇಲ್, ಕ್ಯಾಲಿಫೋರ್ನಿಯಾ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮಗ ಈಗ 5ನೇ ಕ್ಲಾಸು. ಮೈಸೂರಿನಿಂದ ಬಂದಾಗ ಅವನಿಗೆ ನಾಲ್ಕೂವರೆ ವರ್ಷ. ಕಿಂಡರ್‌ಗಾರ್ಟನ್‌ಗೆ ಸೇರಿಸುವಾಗ ಮನೆಭಾಷೆ ಕೇಳುವ ಫಾರಂನಲ್ಲಿ ಕನ್ನಡ ಅಂತ ಬರೆದೆವು. ಇಂಗ್ಲಿಷ್ ಎಷ್ಟು ಬರುತ್ತೆ ಅಂತ ನೋಡೋ ರಾಜ್ಯದ ಇಎಲ್‌ಪ್ಯಾಕ್ ಪರೀಕ್ಷೆ ಮಾಡಿ ಇಂಗ್ಲಿಷ್ ಕಲಿಯುವವರ ಪಟ್ಟಿಗೆ ಹಾಕಿದರು. ಅತ್ತೆ ಫೋನಲ್ಲಿ "ಮಗೂನ ದಡ್ಡರ ಸಾಲಿಗೆ ಹಾಕಿದ್ರಾ" ಅಂತ ಕೇಳಿದ್ದು ಇನ್ನೂ ಕಿವೀಲಿದೆ. 3ನೇ ಕ್ಲಾಸಿನ ಕೊನೆಗೆ ಒಟ್ಟು ಲೆವೆಲ್ 4 ಬಂತು. ಟೀಚರ್ ಒಪ್ಪಿದರು, ನಮ್ಮನ್ನೂ ಕರೆಸಿ ಅಭಿಪ್ರಾಯ ಕೇಳಿದರು, ಸಹಿ ಹಾಕಿದೆವು. ಆರ್-ಫೆಪ್ ಆದ, ಅಂದ್ರೆ ಇಂಗ್ಲಿಷ್ ಸಾಕಷ್ಟು ಬಂತು ಅಂತ ಆ ಪಟ್ಟಿಯಿಂದ ಹೊರಬಂದ. ಅವತ್ತು ಕೇಸರಿಬಾತ್ ಮಾಡಿದ್ದೆ.

ಈಗ ವಿಷಯ. ಹೋದ ವಾರ ಅವನ ಬ್ಯಾಗಿಂದ ಸೈನ್ಸ್ ಹಾಳೆಯೊಂದು ಸಿಕ್ಕಿತು. ಮಡಚಿ ಮಡಚಿ ಕಡ್ಲೆಪುರಿ ಪೊಟ್ಟಣದಷ್ಟು ಚಿಕ್ಕದಾಗಿತ್ತು. ಗಿಡದ ಪ್ರಶ್ನೆ. "ಅನ್‌ಲೆಸ್" ಅಂತ ಇದ್ದ ವಾಕ್ಯವನ್ನ ಇವನು "ಬಿಕಾಸ್" ಥರ ಅರ್ಥ ಮಾಡ್ಕೊಂಡಿದ್ದಾನೆ. ಬಿಸಿಲು ಸಿಗದಿದ್ದರೆ ಗಿಡ ಸಾಯುತ್ತೆ ಅಂತ ಇರೋದನ್ನ, ಬಿಸಿಲು ಸಿಕ್ಕಿದ್ದರಿಂದ ಗಿಡ ಸತ್ತುಹೋಯ್ತು ಅಂತ ಓದಿಕೊಂಡು, ಅದಕ್ಕೊಂದು ಕಾರಣ ಹುಡುಕಿ ಅರ್ಧ ಪುಟ ಬರೆದಿದ್ದಾನೆ. ಬರೆದದ್ದು ಚೆನ್ನಾಗೇ ಇದೆ, ಅದೇ ದುಃಖ.

ಟೀಚರ್ ಜೊತೆ ಮಾತಾಡಿದರೆ "ತುಂಬಾ ಒಳ್ಳೆ ಹುಡುಗ, ತುಂಬಾ ವಿನಯ" ಅಂತಾರೆ. ಆರ್-ಫೆಪ್ ಆದಾಗ ಕೊಟ್ಟ ಪತ್ರ ಹುಡುಕಿ ತೆಗೆದೆ. ಕೊನೆಯ ಸಾಲಲ್ಲಿ "ನಿಮ್ಮ ಮಗುವಿನ ಪ್ರಗತಿಯನ್ನು ನಾಲ್ಕು ವರ್ಷ ಗಮನಿಸಲಾಗುವುದು" ಅಂತಿದೆ. ಯಾರು ಗಮನಿಸ್ತಾರೆ ಅಂತ ಆಫೀಸಲ್ಲಿ ಕೇಳಿದರೆ "ಅದು ಸಿಸ್ಟಮ್‌ನಲ್ಲಿರುತ್ತೆ" ಅಂದರು. ಯಾವ ಸಿಸ್ಟಮ್ಮು? ನಿಮ್ಮಲ್ಲಿ ಯಾರಿಗಾದರೂ ಆ ಗಮನಿಸಿದ ಕಾಗದ ಕಣ್ಣಿಗೆ ಬಿದ್ದಿದೆಯಾ?

—

ಆಸ್ಟಿನ್ ಗೌಡ್ರು · ಟೆಕ್ಸಸ್

ಮೇಡಂ, ತಪ್ಪು ತಿಳ್ಕೋಬೇಡಿ. ಮೊದಲ ದಿನ ಫಾರಂನಲ್ಲಿ ಇಂಗ್ಲಿಷ್ ಅಂತ ಬರೆದಿದ್ದರೆ ಈ ರಾಮಾಯಣವೇ ಇರ್ತಿರಲಿಲ್ಲ. ನಮ್ಮ ಗುಂಪಲ್ಲಿ ಹೊಸದಾಗಿ ಬಂದೋರಿಗೆಲ್ಲ ಅದೇ ಹೇಳೋದು. ಪ್ರತಿ ವರ್ಷ ಪರೀಕ್ಷೆ, ಪ್ರತಿ ವರ್ಷ ಪತ್ರ, ಹೊರಗೆ ಬಂದ್ಮೇಲೂ ನಾಲ್ಕು ವರ್ಷ ಬೆನ್ನ ಹಿಂದೆ ನಿಗಾ. ಹೊರಗೆ ಬಂದ ಅಂದ್ಮೇಲೆ ಬಂದ, ಮುಗೀತು. ಮಕ್ಕಳು ಬೆಳೀತಾ ಸರಿ ಹೋಗ್ತಾರೆ.

—

ಸುಮ್ನೆ ಓದೋನು

+1 ಗೌಡ್ರಿಗೆ.

—

ಬಿಳಿಹಲಗೆ · ಕ್ಯಾಲಿಫೋರ್ನಿಯಾ, ಇಎಲ್‌ಡಿ (ಇಂಗ್ಲಿಷ್ ಕಲಿಯೋ ಮಕ್ಕಳ) ಟೀಚರ್

ಸಾಮಾನ್ಯವಾಗಿ ಇಲ್ಲಿ ಓದಿ ಸುಮ್ನಿರ್ತೀನಿ. ಇವತ್ತು ಆಗಲ್ಲ. ಹದಿಮೂರು ವರ್ಷದಿಂದ ನಾನು ಮಾಡ್ತಿರೋದು ಇದೇ ಕೆಲಸ.

ಗೌಡ್ರೇ, ಆ ಫಾರಂ ಬಗ್ಗೆ ಮೊದಲು ಹೇಳಿಬಿಡ್ತೀನಿ. ನಮ್ಮ ರಾಜ್ಯದಲ್ಲಿ ಅದರಲ್ಲಿ ನಾಲ್ಕು ಪ್ರಶ್ನೆ. ಮಗು ಮೊದಲು ಮಾತಾಡಿದ ಭಾಷೆ ಯಾವುದು, ಮನೇಲಿ ಹೆಚ್ಚಾಗಿ ಯಾವುದು ಮಾತಾಡುತ್ತೆ, ನೀವು ಮಗು ಜೊತೆ ಯಾವುದು ಮಾತಾಡ್ತೀರಿ, ಮನೆಯ ದೊಡ್ಡವರು ಯಾವುದು ಮಾತಾಡ್ತಾರೆ. ಮೊದಲ ಮೂರರಲ್ಲಿ ಒಂದಕ್ಕೆ ಕನ್ನಡ ಅಂದರೂ 30 ದಿನದೊಳಗೆ ಪರೀಕ್ಷೆ. ಚೆನ್ನಾಗಿ ಮಾಡಿದ ಮಗು ಆವತ್ತೇ ಐ-ಫೆಪ್, ಅಂದ್ರೆ ಮೊದಲಿಂದಲೇ ಇಂಗ್ಲಿಷ್ ಬರೋ ಮಗು ಅಂತಾಗಿ, ಪಟ್ಟಿಗೆ ಸೇರೋದೇ ಇಲ್ಲ. ನಮ್ಮವರ ಮಕ್ಕಳು ಅದೆಷ್ಟೋ ಜನ ಹಾಗೇ ಹೋಗಿದ್ದಾರೆ. ಪಟ್ಟಿಗೆ ಬೀಳೋದು ಕನ್ನಡ ಅಂತ ಬರೆದಿದ್ದಕ್ಕಲ್ಲ, ಪರೀಕ್ಷೆಯಲ್ಲಿ ಇಂಗ್ಲಿಷ್ ಸಾಲದೇ ಬಂದಿದ್ದಕ್ಕೆ. ಸುಳ್ಳು ಬರೆದರೆ ಪರೀಕ್ಷೆ ತಪ್ಪುತ್ತೆ, ಕೊರತೆ ತಪ್ಪಲ್ಲ. ನೆರವು ಬೇಡ ಅನ್ನೋ ಹಕ್ಕು ತಂದೆತಾಯಿಗೆ ಇದ್ದೇ ಇದೆ. ಬೇಡ ಅಂದರೂ ಹೊರಬರೋ ತನಕ ವರ್ಷದ ಪರೀಕ್ಷೆ ಮಾತ್ರ ತಪ್ಪಲ್ಲ.

ಇನ್ನು "ಹೊರಗೆ ಬಂದ್ಮೇಲೆ ಮುಗೀತು" ಅನ್ನೋ ಮಾತು. ಮುಗೀತು ಅಂತ ಅಂದುಕೊಳ್ಳದಿರಲಿ ಅಂತಲೇ ಈ ನಿಗಾ ಹುಟ್ಟಿದ್ದು.

ಕೆನಡಾದ ಜಿಮ್ ಕಮಿನ್ಸ್ ಅನ್ನೋ ವಿದ್ವಾಂಸರು 1979ರಲ್ಲೇ ಒಂದು ವ್ಯತ್ಯಾಸ ತೋರಿಸಿದರು. ಆಟದ ಮೈದಾನದ ಇಂಗ್ಲಿಷ್ ಮಕ್ಕಳಿಗೆ ಸುಮಾರು ಎರಡು ವರ್ಷಕ್ಕೆ ಬರುತ್ತೆ. ಪುಸ್ತಕದ ಇಂಗ್ಲಿಷ್‌ಗೆ ಐದರಿಂದ ಏಳು ವರ್ಷ ಬೇಕು. ನಿಮ್ಮ ಮಗ ನಾಲ್ಕನೇ ವರ್ಷಕ್ಕೆ ಹೊರಬಂದ. ಸಂತೋಷವೇ, ಆದರೆ ಲೆಕ್ಕ ಹಾಕಿ, ಅವನಿನ್ನೂ ಹೊಳೆ ಮಧ್ಯದಲ್ಲಿದ್ದಾನೆ. ಅದೇ ಹೊತ್ತಿಗೆ 4ನೇ ಕ್ಲಾಸು ಬಂತು. 3ರ ತನಕ ಓದೋದನ್ನ ಕಲಿಸ್ತಾರೆ, 4ರಿಂದ ಓದಿ ಕಲಿತ್ಕೋ ಅಂತಾರೆ. ಅನ್‌ಲೆಸ್, ಆಲ್‌ದೋ, ವೇರ್‌ಆಸ್, ದೇರ್‌ಫೋರ್ ಇವು ಯಾವ ಮಗುವೂ ಜಾರುಬಂಡೆ ಮೇಲೆ ಕೂತು ಆಡೋ ಮಾತಲ್ಲ. ಸೈನ್ಸ್ ಪಾಠದ ಪದಗಳನ್ನ, ಫೋಟೋಸಿಂಥೆಸಿಸ್ ಇತ್ಯಾದಿ, ಟೀಚರ್ ಗೋಡೆಗೆ ಅಂಟಿಸಿ ಕಲಿಸ್ತಾರೆ. ಅನ್‌ಲೆಸ್ ಅನ್ನ ಗೋಡೆಗೆ ಅಂಟಿಸಿದವರನ್ನ ನಾನು ನೋಡಿಲ್ಲ.

ಕಾನೂನು ಏನು ಹೇಳುತ್ತೆ? ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸುಮಾರು 1,800 ಚೀನೀ ಮೂಲದ ಮಕ್ಕಳು ಅರ್ಥವಾಗದ ಭಾಷೆಯ ಕ್ಲಾಸಲ್ಲಿ ಸುಮ್ನೆ ಕೂತಿದ್ದರು. ಅದು ಸುಪ್ರೀಂ ಕೋರ್ಟಿಗೆ ಹೋಗಿ 1974ರಲ್ಲಿ ಲಾ ವರ್ಸಸ್ ನಿಕಲ್ಸ್ ತೀರ್ಪು ಬಂತು. ಎಲ್ಲರಿಗೂ ಅದೇ ಬೆಂಚು, ಅದೇ ಪುಸ್ತಕ ಕೊಟ್ಟುಬಿಟ್ಟರೆ ಸಮಾನತೆ ಆಗಲ್ಲ ಅಂತ. 1981ರಲ್ಲಿ ಗೌಡ್ರ ಟೆಕ್ಸಸ್‌ನಿಂದಲೇ ಇನ್ನೊಂದು, ಕ್ಯಾಸ್ಟನ್ಯೇಡಾ ವರ್ಸಸ್ ಪಿಕಾರ್ಡ್. ಕಾರ್ಯಕ್ರಮಕ್ಕೆ ಸರಿಯಾದ ಆಧಾರ ಇದೆಯಾ, ಜನ-ಹಣ ಹಾಕಿ ನಡೆಸಿದ್ದೀರಾ, ಕೊನೆಗೆ ಫಲ ಕೊಟ್ಟಿದೆಯಾ ಅಂತ ಮೂರು ಅಳತೆ ಇಟ್ಟಿತು. ಆ ಮೂರನೇ ಅಳತೆ ಇದೆಯಲ್ಲ, ನಿಗಾ ಅದರ ಮಗು. ಹೊರಗೆ ಕಳಿಸಿದ ಮೇಲೆ ನಿಂತಿದ್ದಾನಾ ಬಿದ್ದಿದ್ದಾನಾ ನೋಡದೆ ಫಲ ಕೊಡ್ತು ಅಂತ ಹೇಗೆ ಹೇಳ್ತೀರಿ?

2015ರ ಜನವರಿಯಲ್ಲಿ ಫೆಡರಲ್ ಶಿಕ್ಷಣ ಮತ್ತು ನ್ಯಾಯ ಇಲಾಖೆಗಳು ಒಟ್ಟಿಗೆ ಬರೆದ ಪತ್ರದಲ್ಲಿ ಕನಿಷ್ಠ ಎರಡು ವರ್ಷ ನೋಡಿ ಅಂದಿತ್ತು. ಬೇಗ ಹೊರಗೆ ಕಳಿಸಿಬಿಟ್ಟೆವಾ, ಇಂಗ್ಲಿಷ್ ಕಲಿಯೋ ಗಡಿಬಿಡೀಲಿ ಬಿಟ್ಟುಹೋದ ಪಾಠ ತುಂಬಿಕೊಂಡನಾ, ಉಳಿದ ಮಕ್ಕಳ ಜೊತೆ ಪೂರ್ತಿ ಪಾಲ್ಗೊಳ್ತಿದ್ದಾನಾ, ಈ ಮೂರು. ಅದೇ ವರ್ಷದ ಎಸ್ಸಾ ಅನ್ನೋ ಫೆಡರಲ್ ಶಾಲಾ ಕಾಯ್ದೆ ಹೊರಬಂದ ಮಕ್ಕಳ ಫಲಿತಾಂಶವನ್ನ ನಾಲ್ಕು ವರ್ಷ ವರದಿ ಮಾಡಿ ಅಂತು. ನಿಮ್ಮ ಪತ್ರದ "ನಾಲ್ಕು ವರ್ಷ" ಬಂದಿದ್ದು ಅಲ್ಲಿಂದ.

ಆ 2015ರ ಪತ್ರವನ್ನ 2025ರ ಆಗಸ್ಟ್‌ನಲ್ಲಿ ಹಿಂತೆಗೆದುಕೊಂಡರು. ನಮ್ಮ ಸ್ಟಾಫ್‌ರೂಮಲ್ಲಿ "ಹಾಗಾದ್ರೆ ಇನ್ನು ಫಾರಂ ಬೇಡ್ವಾ" ಅಂತ ಒಬ್ಬರು ಖುಷಿಯಿಂದ ಕೇಳಿದರು. ಬೇಕು. ಪತ್ರ ಹೋಯ್ತು, 1964ರ ನಾಗರಿಕ ಹಕ್ಕು ಕಾಯ್ದೆ ಹೋಗಿಲ್ಲ, 1974ರ ಸಮಾನ ಶಿಕ್ಷಣಾವಕಾಶ ಕಾಯ್ದೆ ಹೋಗಿಲ್ಲ, ಎಸ್ಸಾ ಹೋಗಿಲ್ಲ.

ಈಗ ನಿಮ್ಮ ಅಸಲಿ ಪ್ರಶ್ನೆಗೆ ಬರ್ತೀನಿ, ಸ್ವಲ್ಪ ನಾಚಿಕೆಯಿಂದ. ನಮ್ಮಲ್ಲಿ ಅಕ್ಟೋಬರ್‌ನಲ್ಲಿ ಒಂದ್ಸಲ, ಮಾರ್ಚ್‌ನಲ್ಲಿ ಒಂದ್ಸಲ ಫಾರಂ ಹೋಗುತ್ತೆ. ಒಂದೇ ಪುಟ. ಅರ್ಧ ತಾನಾಗೇ ತುಂಬಿರುತ್ತೆ: ಗ್ರೇಡು, ರಾಜ್ಯದ ಪರೀಕ್ಷೆ ಕಾಸ್ಪ್‌ನ ಅಂಕ, ಹಾಜರಿ. ಉಳಿದರ್ಧ ಕ್ಲಾಸ್ ಟೀಚರ್ ತುಂಬಬೇಕು. ಒಂದು ಶುಕ್ರವಾರ ಮಧ್ಯಾಹ್ನ ಒಬ್ಬರಿಂದಲೇ ನನಗೆ 11 ಫಾರಂ ವಾಪಸ್ ಬಂತು. ಹನ್ನೊಂದರಲ್ಲೂ ಒಂದೇ ನೀಲಿ ಪೆನ್ನು, ಒಂದೇ ಓರೆಯ ಟಿಕ್ಕು, ಷರಾ ಕಾಲಮ್ಮು ಖಾಲಿ. ಅವರನ್ನ ಬೈಯಲ್ಲ ನಾನು. 31 ಮಕ್ಕಳ ಕ್ಲಾಸು ಅವರದು. ಆದರೆ ಆ ಹನ್ನೊಂದರಲ್ಲಿ ಒಂದು ಹುಡುಗಿ ಆರು ವಾರದಿಂದ ಕ್ಲಾಸಲ್ಲಿ ಬಾಯಿ ಬಿಟ್ಟಿರಲಿಲ್ಲ. ಫಾರಂ ಪ್ರಕಾರ ಅವಳು ಚರ್ಚೆಯಲ್ಲಿ "ನಿರೀಕ್ಷೆಯಂತೆ" ಪಾಲ್ಗೊಳ್ತಿದ್ದಳು.

ಹೀಗಾಗಿ ಮೇಡಂ, ನಮ್ಮಲ್ಲಿ ನೋಡೋರು ಇದ್ದಾರೆ. ಆದರೆ ಅವರು ಏನು ನೋಡಬೇಕು ಅನ್ನೋದನ್ನ ನೀವು ಹೇಳಬೇಕಾಗುತ್ತೆ. ನಮ್ಮ ದೇಶದ ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಕಷ್ಟ. ಹೋಂವರ್ಕ್ ತಪ್ಪಲ್ಲ (ರಾತ್ರಿ ಪಕ್ಕದಲ್ಲಿ ಕೂತು ಮಾಡಿಸೋರು ಯಾರು ಅಂತ ನಮಗೂ ಗೊತ್ತು), ಮಗ್ಗಿ ಗಟ್ಟಿ, ಗಲಾಟೆ ಇಲ್ಲ. "ಇಂಡಿಯನ್ ಮಕ್ಕಳು ಹೇಗಿದ್ರೂ ಓದ್ಕೋತಾರೆ" ಅಂತ ನಿಗಾ ಅವರ ಮೇಲಿಂದ ಜಾರಿಬಿಡುತ್ತೆ.

ಆ ಸೈನ್ಸ್ ಹಾಳೆ ಎಸೀಬೇಡಿ. ಹತ್ತು ಫಾರಂಗಿಂತ ಅದು ದೊಡ್ಡ ಸಾಕ್ಷಿ.

—

ಎರಡು ಮಕ್ಕಳ ತಾಯಿ

ಅಕ್ಕ, ಎರಡು ಸಲ ಓದಿದೆ. ಹಾಳೆ ಇಸ್ತ್ರಿ ಮಾಡಿ ಇಟ್ಟಿದ್ದೀನಿ, ನಿಜವಾಗ್ಲೂ.

—

ಧಾರವಾಡ ಪೇಢಾ · ಷಿಕಾಗೊ ಹತ್ರ

ಬಿಳಿಹಲಗೆ ಅಕ್ಕಾರ ಬರದದ್ದು ಓದಿ ನನ್ನ ಪಿಯುಸಿ ನೆನಪಾತ್ರಿ.

ನಾ ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ, ನಮ್ಮ ತಾಲೂಕಿಗೆ ಎರಡನೇದವ. ಸೈನ್ಸ್ ತಗೊಂಡು ಕಾಲೇಜಿಗೆ ಹೋದ್ರ ಮೊದಲ ದಿನ ಫಿಸಿಕ್ಸ್ ಸರ್ ಆಕ್ಸಿಲರೇಶನ್, ಆಕ್ಸಿಲರೇಶನ್ ಅಂತ ಹೊಡ್ಯಾಕ ಹತ್ತಿದ್ರು. ಅದು ನನ್ನ ವೇಗೋತ್ಕರ್ಷನ ಐತಿ ಅಂತ ತಿಳಿಲಿಕ್ಕೆ ನನಗ ಹದಿನೈದು ದಿನ ಬೇಕಾತು. ಲಸಾಅ, ಮಸಾಅ ನಿದ್ದಿಗಣ್ಣಾಗ ಮಾಡ್ತಿದ್ದೆ, ಎಲ್‌ಸಿಎಂ ಅಂದ್ರ ಬೆವರು. ಮೊದಲ ಟೆಸ್ಟಿನ್ಯಾಗ 50ಕ್ಕ 9. ಊರಿಗೆ ಹೋದಾಗ ಅಪ್ಪಗ ಹೇಳಲೇ ಇಲ್ಲ.

ಒಬ್ರು, ಒಬ್ಬೇ ಒಬ್ರು "ಯಾಕೋ, ನೀ ಕನ್ನಡ ಮೀಡಿಯಮ್ಮಿನಾವ ಏನು, ಎಲ್ಲಿ ತೊಡಕಾಗೇತಿ" ಅಂತ ಕೇಳಿದ್ದಿಲ್ಲ. ನನ್ನ ಜೋಡಿ ಬಂದ ಮೂರು ಮಂದ್ಯಾಗ ಇಬ್ರು ದೀಪಾವಳಿಯೊಳಗ ಸೈನ್ಸ್ ಬಿಟ್ಟು ಆರ್ಟ್ಸ್‌ಗೆ ಹೋದ್ರು. ಅವರು ನನಗಿಂತ ಶಾಣ್ಯಾರಿದ್ರು, ಇದು ಉಪಚಾರದ ಮಾತಲ್ಲ.

ಅದಕ್ಕ ಗೌಡ್ರ, ನಿಗಾ ಅಂದ್ರ ನಿಮಗ ಪೊಲೀಸ್ರು ಬೆನ್ನು ಹತ್ತಿದಂಗ ಕಾಣಸ್ತೈತಿ. ನನಗ ಹಂಗ ಕಾಣೂದಿಲ್ರಿ. ಸುಳ್ಳು ಟಿಕ್ಕರ ಹಾಕವಲ್ರಾಕ, ಒಂದು ಫಾರಂ ಅಂತ ಇದ್ರ ಅದನ್ನ ಹಿಡಕೊಂಡು ಹೋಗಿ ಕೇಳ್ಬಹುದಿತ್ತು. ನಮಗ ಕೇಳಾಕ ಕಾಗದನ ಇದ್ದಿಲ್ಲ.

—

ಆಸ್ಟಿನ್ ಗೌಡ್ರು

ಪೇಢಾ ಸಾಹೇಬ್ರೇ, ಇದಕ್ಕೆ ಉತ್ತರ ಇಲ್ಲ ನನ್ನ ಹತ್ರ. ನಾನೂ ಕನ್ನಡ ಮಾಧ್ಯಮದವನೇ, ಕುಣಿಗಲ್. ಇಷ್ಟು ವರ್ಷ ಅದನ್ನ ಇದಕ್ಕೆ ಜೋಡಿಸಿ ನೋಡೇ ಇರಲಿಲ್ಲ.

ಆದರೂ ಒಂದು ಕೇಳ್ತೀನಿ. ಮೇಡಂ ಇಎಲ್‌ಪ್ಯಾಕ್ ಪರೀಕ್ಷೆ ಅಂತಾರೆ. ನಮ್ಮಲ್ಲಿ ಎಲ್‌ಪ್ಯಾಕ್ ಅಂದ್ರೆ ಮೀಟಿಂಗು ಮಾಡೋ ಸಮಿತಿ. ಒಂದೇನಾ ಎರಡೂ?

—

ಬಿಳಿಹಲಗೆ

ಹ್ಹ ಹ್ಹ. ಇಲ್ಲ, ಎರಡೂ ಬೇರೆ. ನಮ್ಮದು ಪರೀಕ್ಷೆ, ನಿಮ್ಮದು ಸಮಿತಿ. ನಿಮ್ಮ ಪರೀಕ್ಷೆ ಹೆಸರು ಟೆಲ್‌ಪಾಸ್. ಕಿವಿಗೆ ಒಂದೇ ಕೇಳಿಸೋದರಿಂದ ರಾಜ್ಯ ಬದಲಾಯಿಸೋ ಅಪ್ಪ ಅಮ್ಮ ಎಲ್ಲರೂ ಇಲ್ಲಿ ಎಡವ್ತಾರೆ.

ಈ ವಿಷಯದಲ್ಲಿ ನಿಮ್ಮ ರಾಜ್ಯದ ಕಾನೂನು ನಮ್ಮದಕ್ಕಿಂತ ಖಡಕ್. ಹೊರಬಂದ ಮೊದಲ ಎರಡು ವರ್ಷದಲ್ಲಿ ಯಾವುದೇ ಅವಧಿಯಲ್ಲಿ ಮುಖ್ಯ ವಿಷಯವೊಂದರಲ್ಲಿ ಮಗು ಫೇಲಾದರೆ ಆ ಸಮಿತಿ ಮತ್ತೆ ಕೂತು ನೋಡಲೇಬೇಕು, ನೆರವು ಬೇಕಾ, ಕಾರ್ಯಕ್ರಮಕ್ಕೆ ಮರಳಬೇಕಾ ಅಂತ. ಎಂ1, ಎಂ2 ಅಂತ ನಿಮ್ಮ ಕಾಗದದಲ್ಲಿ ಬರೆದಿರ್ತಾರಲ್ಲ, ಅದು ನಿಗಾದ ಒಂದನೇ ವರ್ಷ, ಎರಡನೇ ವರ್ಷ. ಖಡಕ್ಕಾದರೂ ಒಂದು ತೂತಿದೆ: ಫೇಲಾದರೆ ಮಾತ್ರ ಗಂಟೆ ಬಾರಿಸುತ್ತೆ. 72 ತಗೊಂಡು ಒಳಗೊಳಗೇ ಮುಳುಗ್ತಿರೋ ಮಗುಗೆ ಬಾರಿಸಲ್ಲ.

—

ಎಡಿಸನ್ ಅಮ್ಮ · ನ್ಯೂಜೆರ್ಸಿ

ಆ 72ರ ಮಗು ನಮ್ಮನೇಲಿತ್ತು.

ನಮ್ಮಲ್ಲಿ ಪರೀಕ್ಷೆ ಹೆಸರು ಆಕ್ಸೆಸ್, ವೀಡಾ ಅನ್ನೋ ಸಂಸ್ಥೆಯದು. ಮಗಳಿಗೆ ಒಟ್ಟು 4.7 ಬಂತು, ದಾಟಬೇಕಾದ ಗೆರೆ ಆಗ 4.5. ಎಲ್ಲರೂ ಚಪ್ಪಾಳೆ. ನಾನು ಒಟ್ಟು ಅಂಕ ಮಾತ್ರ ನೋಡಿ ಹಾಳೆ ಫೈಲಿಗೆ ಸೇರಿಸಿದೆ. 6ನೇ ಕ್ಲಾಸಲ್ಲಿ ಪ್ರಬಂಧ ಅಂದರೆ ಹೊಟ್ಟೆನೋವು ಶುರುವಾದಾಗ ಮತ್ತೆ ತೆಗೆದು ನೋಡ್ತೀನಿ, ಕೇಳುವುದು 6.0, ಮಾತು 5.2, ಓದು 5.0, ಬರವಣಿಗೆ 3.6! ಒಟ್ಟಿನಲ್ಲಿ ಓದು, ಬರವಣಿಗೆಗೆ 35-35 ಪಾಲು, ಕೇಳೋದು, ಮಾತಿಗೆ 15-15 ಅಂತೆ. ಬರವಣಿಗೆಗೆ ಅಷ್ಟು ಪಾಲಿದ್ದರೂ ಮಿಕ್ಕ ಮೂರು ಸೇರಿ ಅದನ್ನ ಹೊತ್ತು ಗೆರೆ ದಾಟಿಸಿಬಿಟ್ಟಿವೆ. ಮದುವೆ ದಿಬ್ಬಣದಲ್ಲಿ ಟಿಕೆಟ್ ಇಲ್ಲದೋನು ಬಂದ ಹಾಗೆ.

ಅವಳ ನಿಗಾ ಫಾರಂನಲ್ಲಿ ಬರವಣಿಗೆ ಅಂತ ಒಂದು ಸಾಲೇ ಇರಲಿಲ್ಲ. ರಿಪೋರ್ಟ್ ಕಾರ್ಡಿನ ಗ್ರೇಡು ನೋಡಿ "ಪರವಾಗಿಲ್ಲ" ಅಂತ ಬರೆದಿದ್ದರು. ನಾನು ಆ ಅಂಕಪಟ್ಟಿ ಜೆರಾಕ್ಸ್ ಮಾಡಿ 3.6ಕ್ಕೆ ಸುತ್ತು ಹಾಕಿ, ಅವಳ ಎರಡು ಪ್ರಬಂಧ ಜೊತೆಗಿಟ್ಟು ಇಂಗ್ಲಿಷ್ ಸರ್‌ಗೆ ಕೊಟ್ಟೆ. ಸರ್ ಒಳ್ಳೆಯವರು. "ಇದನ್ನ ನನಗೆ ಯಾರೂ ತೋರಿಸಿರಲೇ ಇಲ್ಲ" ಅಂದರು. ಮಿಡಲ್ ಸ್ಕೂಲಿಗೆ ಹೋಗುವಾಗ ಕಾಗದ ಹಳೇ ಶಾಲೇಲೇ ಕೂತುಬಿಟ್ಟಿತ್ತು. ಆಮೇಲೆ ವಾಕ್ಯ ಶುರು ಮಾಡಿಕೊಡೋದು, ಬರೆಯೋ ಮುಂಚೆ ಪಕ್ಕದವಳ ಜೊತೆ ಬಾಯಲ್ಲಿ ಹೇಳಿಸೋದು, ಇಷ್ಟೇ ಮಾಡಿದ್ದು. ಹೊಟ್ಟೆನೋವು ಜನವರಿ ಹೊತ್ತಿಗೆ ನಿಂತಿತು.

ಶಾಲೆ ಬದಲಾಗೋ ವರ್ಷ ಎಚ್ಚರ. 5ರಿಂದ 6, 8ರಿಂದ 9.

—

ಕ್ವೀನ್ಸ್ ಕಾಫಿ · ನ್ಯೂಯಾರ್ಕ್

ನಮ್ಮ ಕಡೆಯದು ಒಂದು ಮಾತು. ಇಲ್ಲಿ ಪರೀಕ್ಷೇಲಿ "ಕಮಾಂಡಿಂಗ್" ಅನ್ನೋ ಮೇಲಿನ ಮಟ್ಟ ಬಂದು ಹೊರಗೆ ಹೋದ ಮೇಲೂ ಎರಡು ವರ್ಷ ವಾರಕ್ಕೆ 90 ನಿಮಿಷ ನೆರವು ಕೊಡಬೇಕು ಅಂತ ರಾಜ್ಯದ ನಿಯಮ. ಪರೀಕ್ಷೆಗಳಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿಯೂ ಆ ಎರಡು ವರ್ಷ ಸಿಗುತ್ತೆ. ಬೇರೆ ಎಷ್ಟೋ ಕಡೆ ನೋಡೋದು ಮಾತ್ರ, ಇಲ್ಲಿ ಕೊಡೋದೂ ಇದೆ. ನಮ್ಮ ಪಕ್ಕದ ಮನೆಯವರಿಗೆ ಒಂದೂವರೆ ವರ್ಷ ಆದ್ಮೇಲೆ ಗೊತ್ತಾಯ್ತು. ಕೇಳಿ ತಗೊಳ್ಳಿ.

—

ಅಂಕಿಸಂಖ್ಯೆ · ಶಾಲಾ ಜಿಲ್ಲೆಯೊಂದರಲ್ಲಿ ಡೇಟಾ ಕೆಲಸ

"ಸಿಸ್ಟಮ್‌ನಲ್ಲಿರುತ್ತೆ" ಅಂದರಲ್ಲ, ಆ ಸಿಸ್ಟಮ್ ನಾನೇ. ಅಂದ್ರೆ ನನ್ನಂಥವರು.

ನಮ್ಮ ಕಡೆಯಿಂದ ಕಾಣೋ ವಿಚಿತ್ರ ಒಂದಿದೆ. ಒಂದು ಶಾಲೇಲಿ ಇಂಗ್ಲಿಷ್ ಕಲಿಯೋ ಮಕ್ಕಳು 100 ಜನ ಅಂತಿಟ್ಟುಕೊಳ್ಳಿ. ಚೆನ್ನಾಗಿ ಕಲಿತ 30 ಜನ ಹೊರಗೆ ಹೋಗ್ತಾರೆ, ಹೊಸದಾಗಿ ಬಂದ 30 ಜನ ಸೇರ್ತಾರೆ. ವರ್ಷದ ಕೊನೆಗೆ ಗುಂಪಿನ ಸರಾಸರಿ ಅಲ್ಲೇ ಇರುತ್ತೆ, ಇಲ್ಲ ಕೆಳಗಿಳಿಯುತ್ತೆ. ಪೇಪರಿನವರು "ಇವರಿಗೆ ಏನು ಕಲಿಸಿದರೂ ಅಷ್ಟೇ" ಅಂತ ಬರೀತಾರೆ. ಪಾಸಾದವರನ್ನೆಲ್ಲ ತೆಗೆದುಹಾಕಿ ಉಳಿದವರ ಫೋಟೋ ಹೊಡೆದ ಹಾಗೆ. ಅದಕ್ಕೇ ಎಸ್ಸಾದಲ್ಲಿ ಹೊರಬಂದವರ ಅಂಕವನ್ನ ನಾಲ್ಕು ವರ್ಷದ ತನಕ ಆ ಗುಂಪಿನ ಲೆಕ್ಕಕ್ಕೆ ಸೇರಿಸಿಕೊಳ್ಳೋಕೆ ರಾಜ್ಯಗಳಿಗೆ ಅವಕಾಶ ಕೊಟ್ಟಿದ್ದಾರೆ. ಅದಕ್ಕೂ ಮುಂಚಿನ ಕಾಯ್ದೆಯಡಿ ಎರಡು ವರ್ಷ ಇತ್ತು.

ಇದರ ಉಲ್ಟಾ ಮೋಸವೂ ಇದೆ. ಹೊರಬಂದವರ ಸರಾಸರಿ ಯಾವಾಗಲೂ ಚೆಂದ ಕಾಣುತ್ತೆ, ಚೆಂದ ಇದ್ದವರೇ ತಾನೆ ಹೊರಗೆ ಬಂದಿದ್ದು. ನಮ್ಮ ಮೀಟಿಂಗಲ್ಲಿ ಗ್ರಾಫಿನಲ್ಲಿ ಅವರ ಹಸಿರು ಕಂಬ ತೋರಿಸಿ ಮುಂದಿನ ಸ್ಲೈಡಿಗೆ ಹೋಗಿಬಿಡ್ತಾರೆ. ಸನ್ನಿವೇಲ್ ಮೇಡಂ ಮಗ ಆ ಹಸಿರು ಕಂಬದ ಒಳಗೆಲ್ಲೋ ಇರ್ತಾನೆ, ಮಡಚಿದ ಹಾಳೆ ಹಿಡ್ಕೊಂಡು. ನನ್ನ ಪರದೆಗೆ ಹಾಳೆ ಕಾಣಲ್ಲ. ಕಾಣೋದು ಕ್ಲಾಸಲ್ಲಿ, ಮನೇಲಿ.

—

ಮೂಡಬಿದ್ರೆ ಅಪ್ಪ · ಮಿನೆಸೋಟ

ಇದಕ್ಕೆ ಸ್ವಲ್ಪ ಬೇರೆ ಅನುಭವ ಉಂಟು, ಹೇಳ್ತೇನೆ.

ನಮ್ಮ ಮಗ ಓದುವಾಗ ತಡವರಿಸುತ್ತಿದ್ದ. ಇಎಲ್‌ನಲ್ಲಿ ಇದ್ದಷ್ಟು ದಿನವೂ "ಎರಡು ಭಾಷೆ ಅಲ್ವಾ, ಬರ್ತದೆ" ಅಂತ ಹೇಳಿದ್ರು. ಹೊರಗೆ ಬಂದ ಮೇಲೂ ಅದೇ ಮಾತು. ತಿರುವು ಸಿಕ್ಕಿದ್ದು ನಮ್ಮ ಭಾನುವಾರದ ಕನ್ನಡ ಶಾಲೆಯಲ್ಲಿ. ಅಲ್ಲಿಯ ಟೀಚರಮ್ಮ ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು, "ಮಾತು ಚಂದ ಆಡ್ತಾನೆ, ಹೇಳಿದ ಕಥೆ ಪೂರ್ತಿ ನೆನಪಿರ್ತದೆ, ಆದರೆ ಮೂರು ವರ್ಷ ಆದರೂ ಮ ಮತ್ತು ಯ ಹಿಂದೆಮುಂದೆ, ಒತ್ತಕ್ಷರ ಬಂದರೆ ನಿಂತೇ ಹೋಗ್ತಾನೆ. ಜೊತೆಗೆ ಸೇರಿದ ಮಕ್ಕಳು ಪೇಪರ್ ಓದ್ತಾರೆ" ಅಂದ್ರು. ಇಂಗ್ಲಿಷಿನಲ್ಲೂ ಅದೇ ಅವಸ್ಥೆ, ಕನ್ನಡದಲ್ಲೂ ಅದೇ ಅವಸ್ಥೆ ಅಂದರೆ ತೊಂದರೆ ಇಂಗ್ಲಿಷಿನದ್ದಲ್ಲವಲ್ಲ! ಅವರ ಹತ್ತಿರ ಅದನ್ನೇ ಬರೆಸಿಕೊಂಡು ಶಾಲೆಗೆ ಕೊಟ್ಟೆ, ಲಿಖಿತದಲ್ಲಿ ಪರೀಕ್ಷೆ ಮಾಡಿ ಅಂತ ಕೇಳಿದೆ. ಡಿಸ್‌ಲೆಕ್ಸಿಯಾ ಅಂತ ಬಂತು. ಈಗ ಅದಕ್ಕೆ ಬೇಕಾದ ಪಾಠ ಬೇರೆಯೇ ಸಿಗ್ತಾ ಉಂಟು.

ಎಲ್ಲ ತಡವರಿಕೆಯೂ ಭಾಷೆಯದ್ದಲ್ಲ. ನಿಗಾ ಮಾಡುವವರಿಗೆ ಎರಡನ್ನೂ ಬೇರೆ ಮಾಡಿ ನೋಡುವ ಕಣ್ಣು ಬೇಕು.

—

ಬಿಳಿಹಲಗೆ

ಅಪ್ಪ, ನಿಮ್ಮ ಕನ್ನಡ ಶಾಲೆ ಟೀಚರಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಮಗುವಿನ ಮನೆಭಾಷೆಯ ಓದು ಹೇಗಿದೆ ಅಂತ ನಾವು ಕೇಳಲೇಬೇಕು. ಕೇಳೋಕೆ ನಮ್ಮಲ್ಲಿ ಬಹುತೇಕ ಯಾರಿಗೂ ಕನ್ನಡ ಬರಲ್ಲ. ಈ ಥರ ಒಂದು ಪುಟ ಸಿಕ್ಕರೆ ಚಿನ್ನ.

—

ಎರಡು ಮಕ್ಕಳ ತಾಯಿ · ಮೂರು ವಾರದ ನಂತರ

ಶಾಲೆಗೆ ಹೋಗಿ ಮಾತಾಡಿ ಬಂದೆ.

ಇಮೇಲ್‌ನಲ್ಲಿ ಮೂರೇ ಸಾಲು ಕೇಳಿದ್ದೆ. ಮಗನ ನಿಗಾ ಫಾರಂಗಳ ಪ್ರತಿ, ಇಎಲ್‌ಪ್ಯಾಕ್‌ನಲ್ಲಿ ಬೇರೆಬೇರೆ ವಿಭಾಗದ ಅಂಕ, ಕ್ಲಾಸ್ ಟೀಚರ್ ಮತ್ತು ಇಎಲ್‌ಡಿ ಟೀಚರ್ ಇಬ್ಬರ ಜೊತೆ 20 ನಿಮಿಷ. ನಾಲ್ಕು ದಿನ ಉತ್ತರ ಬರಲಿಲ್ಲ. ಮತ್ತೆ ಅದನ್ನೇ ಕಳಿಸಿದೆ. ಆಮೇಲೆ ಬಂತು.

ಫಾರಂ ನೋಡಿದೆ ಅಕ್ಕ. ನೀವು ಹೇಳಿದ್ದೇ, ಒಂದು ಪುಟ. 4ನೇ ಕ್ಲಾಸಿನ ಎರಡರಲ್ಲಿ ಒಂದು ಇತ್ತು, ಇನ್ನೊಂದು ಸಿಗಲಿಲ್ಲ. ಇದ್ದದ್ದರಲ್ಲಿ ಎಲ್ಲ ಟಿಕ್ಕೂ ಮಧ್ಯದ ಕಾಲಮ್ಮಿಗೆ. ಟೀಚರ್ ಅದನ್ನ ನನ್ನ ಮುಂದೆಯೇ ಮೊದಲ ಸಲ ಸರಿಯಾಗಿ ಓದಿದ ಹಾಗಿತ್ತು. ನಾನು ಏನೂ ವಾದ ಮಾಡಲಿಲ್ಲ, ಸೈನ್ಸ್ ಹಾಳೆ ಮೇಜಿನ ಮೇಲೆ ಬಿಡಿಸಿಟ್ಟೆ. ಅವರು ಓದಿ, ಒಂದ್ನಿಮಿಷ ಸುಮ್ನಿದ್ದು, "ಓ, ಇವನು ಸೈನ್ಸ್ ತಪ್ಪು ಮಾಡಿಲ್ಲ, ಅನ್‌ಲೆಸ್ ತಪ್ಪು ಮಾಡಿದ್ದಾನೆ" ಅಂದರು. ಅಲ್ಲಿಂದ ಮೀಟಿಂಗ್ ಬೇರೆಯೇ ಆಯ್ತು. ಗಣಿತದ ನೋಟ್‌ಬುಕ್ ತರಿಸಿದರು. "20ಕ್ಕಿಂತ 8 ಕಡಿಮೆ" ಅಂತ ಇಂಗ್ಲಿಷಲ್ಲಿ ಬರೆದಾಗ 8 ಮೊದಲು ಬರುತ್ತಲ್ಲ, ಇವನು ಬಂದ ಸಾಲಲ್ಲೇ 8 − 20 ಅಂತ ಬರೆದು, ಆಗಲ್ಲ ಅಂತ ಗೊತ್ತಾಗಿ ಹೊಡೆದು ಹಾಕಿ, ಪ್ರಶ್ನೆಯನ್ನೇ ಬಿಟ್ಟಿದ್ದ. ಒಂದಲ್ಲ, ಐದು ಕಡೆ. ಕನ್ನಡದಲ್ಲಿ ಕೇಳಿದರೆ ಕಣ್ಮುಚ್ಚಿ 12 ಅಂತಾನೆ.

ಅವನನ್ನ ಮತ್ತೆ ಹಳೇ ಪಟ್ಟಿಗೆ ಹಾಕ್ತಾರಾ ಅಂತ ನನ್ನ ಗಂಡನಿಗೆ ಭಯ ಇತ್ತು. ಅದರ ಮಾತೇ ಬರಲಿಲ್ಲ. ಮಂಗಳವಾರ, ಗುರುವಾರ 30 ನಿಮಿಷ ನಾಲ್ಕು ಮಕ್ಕಳ ಗುಂಪಲ್ಲಿ ಇಂಥ ಸೇರಿಸೋ ಪದಗಳ ಮೇಲೆ ಕೆಲಸ. ಮಾರ್ಚ್ ಫಾರಂನ ಷರಾ ಕಾಲಮ್ಮು ಖಾಲಿ ಬಿಡಲ್ಲ, ಪ್ರತಿಯನ್ನ ನನಗೂ ಕಳಿಸ್ತೀವಿ ಅಂದರು. ಕಳಿಸದಿದ್ದರೆ ಮತ್ತೆ ಅದೇ ಮೂರು ಸಾಲಿನ ಇಮೇಲ್ ಇದೆ.

ಮನೇಲಿ ಒಂದು ಆಟ ಶುರುವಾಗಿದೆ. ಊಟಕ್ಕೆ ಕೂತಾಗ ಅನ್‌ಲೆಸ್ ವಾಕ್ಯ ಒಂದು ಇಂಗ್ಲಿಷಲ್ಲಿ, ಅದೇ ಕನ್ನಡದಲ್ಲಿ. ನಿನ್ನೆ ಅವನದು: ಅಪ್ಪ ಫೋನ್ ಕೆಳಗಿಡದ ಹೊರತು ನಾನು ಪಲ್ಯ ತಿನ್ನಲ್ಲ. ಅಪ್ಪ ಫೋನ್ ಕೆಳಗಿಟ್ಟರು. ಪಲ್ಯ ಹಾಗೇ ಇತ್ತು.

—

ಧಾರವಾಡ ಪೇಢಾ

"ಹೊರತು" ಅಂತ ಹೇಳ್ಯಾನಲ್ಲ ಕನ್ನಡದಾಗ! ಹುಡುಗ ಗೆದ್ದಾನ್ರಿ. ನಮ್ಮ ಮನ್ಯಾಗ ಅದು ಇಲ್ಲ.

—

ಆಸ್ಟಿನ್ ಗೌಡ್ರು

ಮಗಳು ಮುಂದಿನ ವರ್ಷ ಶಾಲೆ ಸೇರ್ತಾಳೆ. ಹೆಂಡತಿ ಇಡೀ ಚರ್ಚೆ ಓದಿ "ಫಾರಂ ನಾನೇ ತುಂಬ್ತೀನಿ, ನೀವು ಮುಟ್ಟಬೇಡಿ" ಅಂದಿದ್ದಾಳೆ.

—

ಸುಮ್ನೆ ಓದೋನು

ನಾರ್ತ್ ಕೆರೊಲಿನಾದವರು ಯಾರಾದ್ರೂ ಇದ್ದೀರಾ ಇಲ್ಲಿ? ಮಗಳು ಹೊರಬಂದಳು ಅಂತ ನಮಗೂ ಪತ್ರ ಬಂದು ಎಂಟು ತಿಂಗಳಾಯ್ತು. ಈಗ ಹುಡುಕ್ತಿದ್ದೀನಿ, ಸಿಗ್ತಿಲ್ಲ. ಶಾಲೇಲಿ ಇನ್ನೊಂದು ಪ್ರತಿ ಕೇಳಿದ್ರೆ ಕೊಡ್ತಾರಾ?

—

ಅಂಕಿಸಂಖ್ಯೆ

ಕೊಡ್ತಾರೆ. ಪೂರ್ತಿ ಕಡತವನ್ನೇ ನೋಡೋ ಹಕ್ಕು ಫರ್ಪಾ ಅನ್ನೋ ಶಾಲಾ ದಾಖಲೆಗಳ ಫೆಡರಲ್ ಕಾಯ್ದೆಯಲ್ಲಿ ತಂದೆತಾಯಿಗಿದೆ. ಲಿಖಿತದಲ್ಲಿ ಕೇಳಿ, ಗರಿಷ್ಠ 45 ದಿನ. ವಿಭಾಗವಾರು ಅಂಕ ಅಂತ ಮರೀದೇ ಸೇರಿಸಿ.